ಹಾಡಿಲ್ಲದ ಒಂಬತ್ತು ಹೆಜ್ಜೆ

ಇನ್ನೂ ಬಾರದ ಕಾಲವೊಂದರಲ್ಲಿ, ಹುಬ್ಬಳ್ಳಿಯ ಹಳೆಯ ಓಣಿಯೊಂದರಲ್ಲಿ, ಹಾಡಿನ ಮೇಲೆ ಕಾಲಿಟ್ಟು ನಡೆಯುವ ಹೆಂಗಸೊಬ್ಬಳಿದ್ದಳು. ಹೆಸರು ದಾನಮ್ಮ, ಓಣಿಯವರ ಬಾಯಲ್ಲಿ ದಾನಕ್ಕ. ಐವತ್ತಮೂರರ ಗಟ್ಟಿ ಮೈ, ಕಾಸಗಲ ಕುಂಕುಮ, ಯಾರ ತಾಟಿನಲ್ಲಿ ಏನು ಮುಗಿಯಿತು ಎಂದು ದೂರದಿಂದಲೇ ಕಾಣುವ ಕಣ್ಣು. ಅವಳ ಮನೆಯೇ ಖಾನಾವಳಿ. ಅಲ್ಲಿ ಮಧ್ಯಾಹ್ನ ಎಪ್ಪತ್ತು ಮಂದಿ ಉಣ್ಣುತ್ತಿದ್ದರು. ಅಷ್ಟೂ ಮಂದಿಗೆ ಪಲ್ಯ, ಸಾರು ಬಡಿಸುವುದು ಅವಳೇ. ಬೇರೆಯವರ ಕೈಗೆ ಸೌಟು ಕೊಟ್ಟವಳಲ್ಲ.

ನಾಲ್ಕು ವರ್ಷದ ಹಿಂದೆ ಅವಳ ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ನಡುಗತೊಡಗಿತು. ಪಾರ್ಕಿನ್ಸನ್ ಎಂದರು ವೈದ್ಯರು. ಕೈ ನಡುಕಕ್ಕೆ ಗುಳಿಗೆ ಸಿಕ್ಕಿತು, ಕಾಲಿಗೆ ಸಿಗಲಿಲ್ಲ. ನಡೆಯುತ್ತ ನಡೆಯುತ್ತ ಪಾದ ನೆಲಕ್ಕೆ ಅಂಟಿಬಿಡುತ್ತಿತ್ತು. ಕಾಲಿನಲ್ಲಿ ಶಕ್ತಿಯಿತ್ತು, ಮನಸ್ಸಿನಲ್ಲಿ ಹೋಗಬೇಕೆಂಬ ಆಸೆಯಿತ್ತು. ಅವೆರಡರ ನಡುವೆ ನಿಂತು 'ಈಗ ಎತ್ತು' ಎಂದು ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಅದನ್ನು ಹೇಳಲೆಂದೇ ಹುಟ್ಟಿದ್ದು ಹೆಜ್ಜೆವೀಣೆ. ಪಡಸಾಲೆಯಲ್ಲೊಂದು ಪೆಟ್ಟಿಗೆ, ಕಾಲಿಗೆ ಎರಡು ತೆಳುವಾದ ಕಡಗ. ಪಾದ ಎತ್ತಬೇಕೆಂದು ಸ್ನಾಯು ಒಳಗೊಳಗೇ ಮಿಡಿದ ಕ್ಷಣವನ್ನು ಹಿಡಿದು ಅವು ರೇಡಿಯೋ ಅಲೆಗಳಲ್ಲಿ ಪೆಟ್ಟಿಗೆಗೆ ಕಳಿಸುತ್ತಿದ್ದವು. ಪೆಟ್ಟಿಗೆ ಆ ಮಿಡಿತಕ್ಕೆ ತಾಳ ಬೀಳುವಂತೆ ಸ್ವರ ಹೆಣೆಯುತ್ತಿತ್ತು. ಮನೆಯಲ್ಲಿದ್ದ ಆರು ಸ್ಪೀಕರುಗಳು ಆ ಹಾಡನ್ನು ಕೋಣೆಯಿಂದ ಕೋಣೆಗೆ ಅವಳ ಹಿಂದೆಯೇ ಕರೆತರುತ್ತಿದ್ದವು. ಪಡಸಾಲೆಯಿಂದ ಅಡುಗೆಮನೆಗೆ ಅವಳು ಹೊರಟರೆ ಹಾಡೂ ಸೆರಗಿನಂತೆ ಜತೆಗೆ ಹೊರಡುತ್ತಿತ್ತು. ಆ ಹಾಡನ್ನು ಮುಂಚಿತವಾಗಿ ಕೂಡಿಡಲು ಬರುತ್ತಿರಲಿಲ್ಲ. ಮುಂದಿನ ಸ್ವರ ಹುಟ್ಟುವುದು ಹಿಂದಿನ ಹೆಜ್ಜೆಯಿಂದ, ಹಾಗಾಗಿ ನಿನ್ನೆಯ ಹಾಡು ಇವತ್ತಿನ ಕಾಲಿಗೆ ಹೊಂದುತ್ತಿರಲಿಲ್ಲ. ನಡುವೆ ಎಳೆ ಕಡಿಯಿತೋ, ಪೆಟ್ಟಿಗೆಯ ಕೈಯಲ್ಲಿ ಏನೂ ಉಳಿಯದು.

ಆ ಎಳೆ ಈಗ ಕಡಿಯುತ್ತಿತ್ತು.

ಧಾರವಾಡದ ಗುಡ್ಡದ ಮೇಲಿನ ಹೆಜ್ಜೆವೀಣೆಯ ಕಂಟ್ರೋಲ್ ರೂಮಿನಲ್ಲಿ ಎಂಜಿನಿಯರ್ ವಿಭಾ ಗೋಡೆಯನ್ನು ನೋಡುತ್ತ ಕುಳಿತಿದ್ದಳು. ಗೋಡೆಯ ತುಂಬ ಮೂವತ್ತು ದೀಪ, ಒಂದೊಂದು ದೀಪ ಒಂದೊಂದು ಮನೆ. ಯಾರೋ ನಡೆದರೆ ಅವರ ದೀಪ ಉಸಿರಾಡಿದಂತೆ ಏರಿಳಿಯುತ್ತಿತ್ತು. ಇಪ್ಪತ್ತಾರರ ವಿಭಾಳಿಗೆ ಅದು ಯಂತ್ರದಂತೆ ಕಾಣುತ್ತಲೇ ಇರಲಿಲ್ಲ. ದೂರದ ಹೊಳೆಯಲ್ಲಿ ಯಾರೋ ಬಿಟ್ಟ ದೀಪಗಳು ತೇಲುತ್ತಿವೆ, ತಾನು ದಡದಲ್ಲಿ ಕುಳಿತು ಯಾವುದೂ ಆರದಂತೆ ಕಾಯುತ್ತಿದ್ದೇನೆ ಎಂದೇ ಅನಿಸುತ್ತಿತ್ತು.

"ಮತ್ತ ದಾನಮ್ಮನ ಮನೀನ?" ಹಿಂದಿನಿಂದ ಹೊಸಮನಿ ಸರ್ ಕೇಳಿದರು. ಪ್ರಯೋಗದ ಮುಖ್ಯಸ್ಥರು ಅವರು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವ ಮನುಷ್ಯ.

"ಹೌದ್ರಿ ಸರ್. ಈ ತಿಂಗಳದಾಗ ನಲವತ್ನಾಕು ಸಲ ಹಾಡು ನಿಂತೇತಿ. ಎಲ್ಲಾ ಅದ ಪ್ಯಾಸೇಜಿನಾಗ. ಪಡಸಾಲಿಗೂ ಅಡಿಗಿಮನಿಗೂ ನಡುವ."

"ಪೆಟ್ಟಿಗಿ?"

"ಎರಡ ಸಲ ಬದಲಿ ಮಾಡೇವಿ."

"ಸ್ಪೀಕರು?"

"ಆರೂ ಹೊಸಾವು. ಬಾಜೂ ಮನಿ ಸಿಗ್ನಲ್ ಅಡ್ಡ ಬರ್ತೈತೇನಂತ ಚಾನಲ್ಲೂ ಬದಲಿಸಿ ನೋಡೇವಿ. ಪ್ರೋಗ್ರಾಮ್ ಹಳೇದಕ್ಕ ತಿರುಗಿಸಿ ನೋಡೇವಿ."

"ಹಂಗಾದ್ರ ಉಳದಾಂವ ಮಂತ್ರವಾದಿ ಒಬ್ಬನ." ಸರ್ ನಗಲಿಲ್ಲ. "ನೋಡವಾ, ನಮ್ಮ ಹಾಡ ನಂಬಿ ಆಕಿ ಕುದಿಯೂ ಸಾರು ಹಿಡಕೊಂಡ ನಡೀತಾಳ. ಒಂದ ಸಲ ಬಿದ್ದಳಂದ್ರ ಯಾರ ಮುಖ ನೋಡೂದು? ಶನಿವಾರ ಸಮಿತಿ ಐತಿ. ಅಷ್ಟರಾಗ ಸರಿ ಆಗ್ಲಿಲ್ಲಂದ್ರ ಪೆಟ್ಟಿಗಿ ವಾಪಸ್ ತರೂದ."

ಆ ದಿನ ಸೋಮವಾರ.

ದಾಖಲೆಯಲ್ಲಿ ಎರಡು ವಿಚಿತ್ರಗಳಿದ್ದವು. ಒಂದು, ಹಾಡು ನಿಂತ ಹೊತ್ತಿನಲ್ಲೂ ಕಡಗಗಳು ಹೆಜ್ಜೆ ಎಣಿಸಿದ್ದವು. ಹಾಡಿಲ್ಲದ ಹನ್ನೊಂದು ಸೆಕೆಂಡು, ಒಂಬತ್ತು ಹೆಜ್ಜೆ. ಪ್ಯಾಸೇಜಿನ ಉದ್ದ ಸರಿಯಾಗಿ ಅಷ್ಟೇ. "ಕಡಗ ಸುಳ್ಳ ಹೇಳಾಕತ್ತಾವು" ಎಂದಿದ್ದರು ಸರ್. ಇನ್ನೊಂದು, ಹಾಡು ನಿಲ್ಲುವುದಕ್ಕೂ ಒಂದು ಲಯವಿತ್ತು. ಒಂದು ದಿನ ಐದು ಸಲ, ಮರುದಿನ ಮೂರು, ಆಮೇಲೆ ಎರಡು, ಒಂದು, ಆಮೇಲೆ ನಾಲ್ಕು ದಿನ ಸೊನ್ನೆ. ಮತ್ತೆ ಐದು. ಚಂದ್ರನೊಬ್ಬ ಆ ಮನೆಯ ಸೂರಿನೊಳಗೇ ಹುಟ್ಟಿ, ಕರಗಿ, ಎಂಟನೆಯ ದಿನಕ್ಕೆ ಪುನಃ ತುಂಬಿಕೊಂಡಂತೆ.

ಮಂಗಳವಾರ ವಿಭಾ ಸಿಗ್ನಲ್ ಅಳೆಯುವ ಮೀಟರು ಹಿಡಿದು ಖಾನಾವಳಿಗೆ ಹೋದಳು. ಲೆಕ್ಕದ ಪ್ರಕಾರ ಅದು ಸೊನ್ನೆಯ ದಿನ. ಹಾಗೇ ಆಯಿತು. ದಾನಕ್ಕನನ್ನು ಇಪ್ಪತ್ತು ಸಲ ಆಚೆ ಈಚೆ ನಡೆಸಿದರೂ ಹಾಡು ಒಮ್ಮೆಯೂ ಮುಗ್ಗರಿಸಲಿಲ್ಲ. ಬರಿದಾದ ಕೊಡಗಳು ಒಂದರ ಮೇಲೊಂದು ಮಗುಚಿ ಬಿದ್ದಿದ್ದ ಆ ಪ್ಯಾಸೇಜಿನಲ್ಲಿ ಅದು ತಂಪು ಗಾಳಿಯಂತೆ ಹಾದುಹೋಗುತ್ತಿತ್ತು.

ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಒಲೆಗಳ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಕಸ್ತೂರವ್ವ ದಪ್ಪಗೆ, ಮಾಬೂಬಿ ಸಣ್ಣಗೆ. ಇಬ್ಬರೂ ಇಲ್ಲಿ ಸೇರಿ ಹದಿನೆಂಟು ವರ್ಷ.

"ಬೀಗರು ಬಂದಾಗ ಮಕ್ಕಳು ಶಾಣ್ಯಾ ಆಗ್ತಾವಲ್ಲ, ಹಂಗ ಆಗೇತಿ ನಿಮ್ಮ ಪೆಟ್ಟಿಗಿ" ಎಂದಳು ಮಾಬೂಬಿ.

"ಅಕ್ಕಾರ, ನೀವ ಇಲ್ಲೇ ಇದ್ದಬಿಡ್ರಿ" ಎಂದಳು ಕಸ್ತೂರವ್ವ. "ಉಂಡು ತಿಂದು ಪ್ಯಾಸೇಜಿನಾಗ ನಿಂದರೂದ ಕೆಲಸ. ಪಗಾರ ನಿಮ್ಮ ಸರ್ ಕೊಡ್ಲಿ."

ವಿಭಾ ನಕ್ಕಳು. ಅವರ ಹಿಂದೆ ಬಿದಿರು ಬುಟ್ಟಿಗಳಲ್ಲಿ ಒಣಗಿದ ಖಡಕ್ ರೊಟ್ಟಿ ಗೋಪುರದಂತೆ ಏರಿ ನಿಂತಿತ್ತು. "ಇಷ್ಟ ಯಾರ ತಿನ್ನೂದು?"

"ಕೇಳ ತಂಗಿ, ನೀನರ ಕೇಳ" ಎಂದಳು ದಾನಕ್ಕ. "ಎಪ್ಪತ್ತ ಮಂದಿಗೆ ಬಡೀರಿ ಅಂದ್ರ ನೂರಾ ಐವತ್ತ ಮಂದೀದು ಬಡೀತಾರ. ವಾರದಾಗ ಮೂರ್ನಾಕ ದಿನ ಇಬ್ಬರಿಗೂ ಮೈಮ್ಯಾಲೆ ದೇವರ ಬಂದಂಗ. ಬೈದ್ರ ನಗತಾರ."

ಆ ಇಬ್ಬರೂ ಈಗ ನಗಲಿಲ್ಲ. ಹಿಟ್ಟು ನಾದುವುದರಲ್ಲಿ ಮುಳುಗಿದರು.

ಊಟದ ಗದ್ದಲ ಮುಗಿದ ಮೇಲೆ ದಾನಕ್ಕ ವಿಭಾಳನ್ನು ಮುಂದಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಎಲೆಗೆ ಸುಣ್ಣ ಹಚ್ಚಿದಳು. ಹೆಬ್ಬೆರಳು ನಡುಗಿ ಸುಣ್ಣ ಬೆರಳಿಗೇ ಹೆಚ್ಚು ಹತ್ತಿತು.

"ಪೆಟ್ಟಿಗಿ ಬರೂಕಿಂತ ಮೊದಲ ಆರ ತಿಂಗಳ ಕುರ್ಚಿ ಮ್ಯಾಲ ಇದ್ದೆ. ತಮ್ಮ ಗದಗಿನಿಂದ ಬಂದು ಬೋರ್ಡು ಇಳಿಸಿ ಇಟ್ಟಿದ್ದ. ನಮ್ಮನಿಯಾಗ ಇರು ಅಕ್ಕ, ಟಿವಿ ನೋಡಕೋತ ಕುಂದರು ಅಂದ. ಕುಂದರೂದು ಅಂದ್ರ ಏನು ಗೊತ್ತೈತೇನ ತಂಗಿ? ಮಂದಿ ಉಣ್ಣೂದು ನೋಡಿದ್ರ ನನಗ ಹೊಟ್ಟಿ ತುಂಬತೈತಿ. ಬಡಸಲಿಲ್ಲಂದ್ರ ನಾ ಉಪವಾಸ ಇದ್ದಂಗ."

"ಹಾಡ ನಿಂತಾಗ ಹೆದರಿಕಿ ಆಗೂದಿಲ್ಲೇನ್ರಿ ದಾನಕ್ಕ?"

ದಾನಕ್ಕ ಒಳಗೆ ಕತ್ತು ಚಾಚಿ ಯಾರೂ ಕೇಳುತ್ತಿಲ್ಲವೆಂದು ನೋಡಿದಳು. ಹುಡುಗಿಯರು ಗುಟ್ಟು ಹೇಳುವಾಗಿನ ನಗು ಅವಳ ಮುಖದಲ್ಲಿ ಬಂತು.

"ಯಾರ ಮುಂದೂ ಹೇಳಿಲ್ಲ. ನಿನ್ನ ಮುಂದ ಹೇಳತೀನಿ. ಹಾಡ ನಿಂತರೂ ನನ್ನ ಕಾಲ ನಿಂದರಂಗಿಲ್ಲ ತಂಗಿ. ಮೊದಲ ಒಂದ ಘಳಿಗಿ ಜಗ್ಗತೈತಿ. ಆಮ್ಯಾಲೆ ತಾನ ಎದ್ದ ಹೊಕ್ಕೈತಿ. ನಾ ಆರಾಮ ಆಗಾಕತ್ತೀನಿ. ಹಾಡಿನ ಹೆಜ್ಜಿ ನಿಮ್ಮವು, ಆ ಒಂಬತ್ತ ಹೆಜ್ಜಿ ನನ್ನವು. ನೀ ಪೆಟ್ಟಿಗಿ ರಿಪೇರಿ ಮಾಡಿಬಿಟ್ಟರ ಅವು ಹೊಕ್ಕಾವಲ್ಲ ಅಂತ ಒಂಚೂರು ಸಂಕಟ."

ಧಾರವಾಡದ ಬಸ್ಸಿನಲ್ಲಿ ವಿಭಾ ಕಿಟಕಿಗೆ ತಲೆಯಾನಿಸಿ ಕುಳಿತಳು. ನವಲಗುಂದದ ಅಜ್ಜಿ ಹೇಳುತ್ತಿದ್ದ ಕಥೆಯೊಂದು ನೆನಪಾಯಿತು. ಒಬ್ಬ ಹುಡುಗಿಯ ಪಾದದ ಮೇಲೆ ಭೂಮಿಗೆ ಮೋಹ ಹುಟ್ಟಿತಂತೆ. ಅವಳು ನಿಂತಲ್ಲೆಲ್ಲ ಮಣ್ಣು ಅವಳನ್ನು ಹಿಡಿದುಕೊಳ್ಳುತ್ತಿತ್ತಂತೆ. ಬಿಡು ಎಂದರೆ ಬಿಡದು. ಮಣ್ಣಿಗೆ ಬೇರೆ ಏನನ್ನೋ ಕೇಳಿಸಿ ಮೈಮರೆಸಿದರೆ ಮಾತ್ರ ಬಿಡುವುದು. ಅಜ್ಜಿಗೆ ನರ, ಸ್ನಾಯು, ಮಿದುಳು ಗೊತ್ತಿರಲಿಲ್ಲ. ಆದರೆ ದಾನಕ್ಕನ ಕಾಯಿಲೆಯನ್ನು ಇದಕ್ಕಿಂತ ಸರಿಯಾಗಿ ಯಾವ ಪುಸ್ತಕವೂ ಹೇಳಿರಲಿಲ್ಲ. ಹಾಡು ನಿಂತಾಗ ಆ ಮಣ್ಣು ಏನನ್ನು ಕೇಳಿ ಮೈಮರೆಯುತ್ತಿತ್ತು?

ಬುಧವಾರ ಇಡೀ ದಿನ ಅವಳು ದಾಖಲೆಗಳನ್ನು ಕೆದಕಿದಳು. "ಸರ್, ಒಂದ ಮನಿಗೆ ಎಂಟ ದಿನಕ್ಕೊಮ್ಮೆ ಏನ ಬರತೈತ್ರಿ?"

"ನಮ್ಮನಿಗೆ ನಮ್ಮ ಅತ್ತಿ ಬರ್ತಾರ" ಎಂದರು ಹೊಸಮನಿ ಸರ್. "ಆವಾಗ ನನ್ನ ಹಾಡೂ ಬಂದ್ ಆಗತೈತಿ."

ಮನೆಯ ನಕ್ಷೆಯನ್ನು ಪುನಃ ತೆರೆದಳು. ಮೊದಲ ಸಲ ಅಳತೆಗೆ ಹೋದ ತಂಡ ಬರೆದಿತ್ತು: 'ಪ್ಯಾಸೇಜು, ಖಾಲಿ, ಅಡೆತಡೆಯಿಲ್ಲ.' ಆ ತಂಡ ಹೋದ ತಾರೀಖು ಸೊನ್ನೆಯ ದಿನಗಳಲ್ಲೊಂದು. ಮುಂದಿನ ಐದರ ದಿನ ಲೆಕ್ಕದಂತೆ ನಾಳೆಯೇ.

ಗುರುವಾರ ಬೆಳಿಗ್ಗೆ ಹತ್ತಕ್ಕೇ ವಿಭಾ ಪ್ಯಾಸೇಜಿನಲ್ಲಿ ಸ್ಟೂಲು ಹಾಕಿಕೊಂಡು ಕುಳಿತಳು. ಮೀಟರು ಐದು ಗೆರೆ ತೋರುತ್ತಿತ್ತು. ಹತ್ತೂವರೆಗೆ ಓಣಿಯ ತುದಿಯಿಂದ ಕೂಗೊಂದು ಎದ್ದು ಮನೆಯಿಂದ ಮನೆಗೆ ಹಾರುತ್ತ ಬಂತು.

"ನಳಾ ಬಂದಾವು! ನಳಾ ಬಂದಾವು!"

ಕ್ಷಣದಲ್ಲಿ ಮನೆಯೇ ಬೇರೆಯಾಯಿತು. ಎಂಟು ದಿನಕ್ಕೊಮ್ಮೆ, ಮೂರೇ ತಾಸು ಬರುವ ನೀರು. ಕಸ್ತೂರವ್ವ ರೊಟ್ಟಿ ಬಿಟ್ಟು ಪೈಪು ಹಿಡಿದಳು, ಮಾಬೂಬಿ ಕೊಡ ತಿರುವಿ ಇಟ್ಟಳು. ತಾಮ್ರದ ಹಂಡೆ, ನೀಲಿ ಡ್ರಮ್ಮು, ಸ್ಟೀಲಿನ ಕೊಡ, ಬಕೆಟು, ಬೋಗುಣಿ, ಕಡೆಗೆ ಮಗನ ಮದುವೆಗೆಂದು ಮಾಬೂಬಿ ಕೊಂಡಿದ್ದ ಹೊಸ ಪಾತೇಲಿ ಕೂಡ. ಎಲ್ಲವೂ ಪ್ಯಾಸೇಜಿನ ಎರಡೂ ಬದಿಗೆ ಎದೆಯೆತ್ತರ ಸಾಲುಗಟ್ಟಿದವು. ಮನೆಯಲ್ಲಿ ತಂಪಿದ್ದ ಜಾಗ ಅದೊಂದೇ.

"ಅಕ್ಕಾರ, ಕಾಲ ಎತ್ತರಿ, ಇಲ್ಲಂದ್ರ ನಿಮ್ಮನ್ನೂ ತುಂಬಿಸಿ ಇಡ್ತೀವಿ!" ಎಂದಳು ಮಾಬೂಬಿ.

ವಿಭಾ ಸ್ಟೂಲಿನ ಮೇಲೆ ಕಾಲು ಮಡಚಿಕೊಂಡಳು. ಕೈಯಲ್ಲಿದ್ದ ಮೀಟರಿನ ಗೆರೆಗಳು ನಾಲ್ಕಾದವು. ಹಂಡೆ ತುಂಬಿತು, ಮೂರಾದವು. ಡ್ರಮ್ಮು ತುಂಬಿತು, ಎರಡಾದವು.

ಅವಳಿಗೆ ನಗು ಬಂತು, ನಗುವಿನ ಜತೆಗೆ ನಾಚಿಕೆಯೂ. ಗಾಳಿಯಲ್ಲಿ ಹಾಡನ್ನು ಹೊತ್ತೊಯ್ಯುವ ಆ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ ಎಂಬುದು ಎಂಜಿನಿಯರಿಂಗಿನ ಮೊದಲ ವರ್ಷದ ಪಾಠ. ಹಾಗೆ ಹೀರಿ ಬಿಸಿಯಾಗುವುದರಿಂದಲೇ ಮೈಕ್ರೋವೇವ್ ಒಲೆಯಲ್ಲಿ ಅನ್ನ ಬೆಚ್ಚಗಾಗುವುದು. ಉಳಿದ ಅಲೆಗಳನ್ನು ತಾಮ್ರ, ಸ್ಟೀಲು ಹಿಂದಕ್ಕೆ ತಳ್ಳುತ್ತವೆ. ಪೆಟ್ಟಿಗೆ ಇರುವುದು ಪಡಸಾಲೆಯಲ್ಲಿ. ಪ್ಯಾಸೇಜಿಗೆ ಇಳಿದ ಹಾಡು ಎರಡೂ ಬದಿಯ ಈ ನೀರಿನ ಗೋಡೆಗಳಲ್ಲಿ ಇಂಗಿಹೋಗುತ್ತಿತ್ತು. ದಿನ ಕಳೆದಂತೆ ನೀರು ಖರ್ಚಾಗುವುದು, ಹಾಡಿಗೆ ದಾರಿ ತೆರೆಯುವುದು. ಅವಳ ಎಂಟು ದಿನದ ಚಂದ್ರ ಇದೇ. ಇಪ್ಪತ್ನಾಲ್ಕು ತಾಸೂ ನೀರು ಬರುವ ಕ್ವಾರ್ಟರ್ಸಿನಲ್ಲಿ ಕುಳಿತು ತಿಂಗಳಿಡೀ ತಲೆ ಕೆರೆದುಕೊಂಡಿದ್ದರು ಅವರೆಲ್ಲ.

ಹೇಳಬೇಕೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ದಾನಕ್ಕ ಅಡುಗೆಮನೆಯಿಂದ ಬದನೆಕಾಯಿ ಪಲ್ಯದ ಬೋಗುಣಿ ಎತ್ತಿಕೊಂಡು ಪ್ಯಾಸೇಜಿಗೆ ಕಾಲಿಟ್ಟಿದ್ದಳು. ಒಂದು ಹೆಜ್ಜೆ. ಹಾಡು ಕತ್ತರಿಸಿದಂತೆ ನಿಂತಿತು. ದಾನಕ್ಕನ ಮೈ ಮುಂದಕ್ಕೆ ತೂಗಿತು, ಪಾದ ಮಾತ್ರ ಏಳಲಿಲ್ಲ.

ನಳದ ಬಳಿ ಪೈಪು ದೊಪ್ಪನೆ ಬಿತ್ತು. ಕಸ್ತೂರವ್ವ, ಮಾಬೂಬಿ ಒದ್ದೆ ಕಾಲಲ್ಲೇ ಓಡಿ ಒಲೆಯ ಮುಂದೆ ಕುಳಿತರು. ಹಿಟ್ಟಿನ ಉಂಡೆ ಹಲಗೆಯ ಮೇಲೆ ಬಿತ್ತು. ತಟ್. ತಟ್. ಇಬ್ಬರ ಕಣ್ಣೂ ಹಿಟ್ಟಿನ ಮೇಲಿರಲಿಲ್ಲ, ದಾನಕ್ಕನ ಹಿಮ್ಮಡಿಯ ಮೇಲಿತ್ತು. ಹಿಮ್ಮಡಿ ಕಂಪಿಸಿದ ಕ್ಷಣಕ್ಕೆ ಸರಿಯಾಗಿ, ತಟ್. ಪಾದ ಎದ್ದಿತು. ಎಡಗಾಲಿಗೆ ಕಸ್ತೂರವ್ವ, ಬಲಗಾಲಿಗೆ ಮಾಬೂಬಿ. ಒಂಬತ್ತು ಹೆಜ್ಜೆ. ದಾನಕ್ಕ ಪಡಸಾಲೆ ಮುಟ್ಟಿದಳು, ಹಾಡು ಮತ್ತೆ ಅವಳನ್ನು ಎತ್ತಿಕೊಂಡಿತು. ಹನ್ನೆರಡನೆಯ ವಯಸ್ಸಿನಿಂದ ರೊಟ್ಟಿಯ ಸಪ್ಪಳದಲ್ಲೇ ಬದುಕಿದವಳು. ಅವಳ ಕಿವಿಗೆ ಅದು ತನ್ನ ಉಸಿರಿನಂತೆ, ಇದೆಯೆಂದೇ ತಿಳಿಯದು.

ವಿಭಾ ಅಡುಗೆಮನೆಗೆ ಹೋಗಿ ಅವರಿಬ್ಬರ ನಡುವೆ ಕುಳಿತಳು. ಮಾತಿಗೆ ಮೊದಲೇ ಕಸ್ತೂರವ್ವ ಹಿಟ್ಟಿನ ಕೈಯಲ್ಲೇ ಅವಳ ಮುಂಗೈ ಹಿಡಿದಳು.

"ಬರೀಬ್ಯಾಡ್ರಿ ಅಕ್ಕಾರ. ಹಾಡ ನಿಂತಾಗ ಆಕಿ ನಿಂದರತಾಳ ಅಂತ ಗೊತ್ತಾದ್ರ ನೀವ ಪೆಟ್ಟಿಗಿ ಒಯ್ತೀರಿ ಅಂತ ಹಿಂಗ ಮಾಡಿದ್ವಿ."

"ಮೊದಲೂ ಬಡೀತಿದ್ರೆಲ್ಲಾ ರೊಟ್ಟಿ? ಪೆಟ್ಟಿಗಿ ಬರೂ ಮೊದಲು?"

"ಆವಾಗ ಹಿಟ್ಟ ನೋಡಿ ಬಡೀತಿದ್ವಿ" ಎಂದಳು ಮಾಬೂಬಿ. "ಕಾಲ ನೋಡಿ ಬಡಿಯೂದು ನಿಮ್ಮ ಪೆಟ್ಟಿಗಿ ಕಲಿಸ್ತು. ಆಕೀಗೆ ಹೇಳಬ್ಯಾಡ್ರಿ ತಾಯಿ. ತಾನ ನಡೀತೀನಂತ ಎಷ್ಟ ಖುಷಿ ಅದಾಳ ಗೊತ್ತೈತೇನು? ನಮಗ ಹೇಳಿಲ್ಲ ಆಕಿ, ಆದ್ರ ಮುಖ ಕಾಣತೈತೆಲ್ಲ."

ಮಧ್ಯಾಹ್ನ ವಿಭಾ ಪಡಸಾಲೆಯ ಪೆಟ್ಟಿಗೆಯಿಂದ ಗೋಡೆಯ ಮೇಲಂಚಿನಲ್ಲಿ ವೈರು ಎಳೆದು ಅಡುಗೆಮನೆಯಲ್ಲೊಂದು ಕಿರಿಯ ಪೆಟ್ಟಿಗೆ ಕೂರಿಸಿದಳು. ಈಗ ಹಾಡಿಗೆ ನೀರಿನೊಳಗೆ ಹಾಯುವ ಕೆಲಸವಿರಲಿಲ್ಲ. ತಲೆಯ ಮೇಲೆ ತಂತಿಯಲ್ಲಿ ದಾಟಿ ಆಚೆ ಬದಿಯಿಂದ ದಾನಕ್ಕನನ್ನು ಎದುರುಗೊಳ್ಳುತ್ತಿತ್ತು. ಸಂಜೆಯವರೆಗೆ ತುಂಬಿದ ಕೊಡಗಳ ನಡುವೆ ಅವಳು ಮೂವತ್ತು ಸಲ ನಡೆದಳು. ಒಮ್ಮೆಯೂ ನಿಲ್ಲಲಿಲ್ಲ. ವರದಿಯಲ್ಲಿ ವಿಭಾ ನೀರಿನ ಸಂಗತಿ ಬರೆದಳು. ಹಾಡಿಲ್ಲದ ಹೆಜ್ಜೆಗಳ ಮುಂದೆ ಬರೆಯಬೇಕಿದ್ದ ಸಾಲನ್ನು ಖಾಲಿ ಬಿಟ್ಟಳು.

ಆ ಖಾಲಿ ಸಾಲಿಗಾಗಿಯೇ ಶುಕ್ರವಾರ ಹೊಸಮನಿ ಸರ್ ತಾವೇ ಬಂದರು. ಕೊಡಗಳನ್ನು ನೋಡಿ ಹಣೆ ಬಡಿದುಕೊಂಡರು, ವೈರು ನೋಡಿ ತಲೆಯಾಡಿಸಿದರು. ಉಣ್ಣಲು ಕುಳಿತ ಮೇಲೆ ಕೇಳಿಯೇಬಿಟ್ಟರು.

"ದಾನಮ್ಮಾರ, ಹಾಡ ನಿಂತಾಗೂ ನೀವ ನಡದದ್ದು ಖರೇನ?"

ದಾನಕ್ಕ ವಿಭಾಳ ಕಡೆ ನೋಡಿದಳು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಖರೇನ ರೀ ಸಾಹೇಬ್ರ. ಬೇಕಾದ್ರ ಈಗ ಹಾಡ ಬಂದ್ ಮಾಡ್ರಿ, ನಡದ ತೋರಸ್ತೀನಿ."

"ವಿಚಾರ ಮಾಡ್ರಿ. ನಡದರ ನಮಗ ಭಾಳ ಖುಷಿ. ಆದ್ರ ಹಾಡಿಲ್ಲದ ನಡಿಯಾವರಿಗೆ ಪೆಟ್ಟಿಗಿ ಇಡಾಕ ಬರೂದಿಲ್ಲ. ಅರವತ್ತ ಮನಿ ಪಾಳಿ ಹಚ್ಯಾವ."

"ಒಯ್ರಿ. ಯಾರೋ ಕುರ್ಚಿ ಮ್ಯಾಲ ಕುಂತಾವರಿಗೆ ಕೊಡ್ರಿ. ಪುಣ್ಯಾ ಬರ್ತೈತಿ."

ವಿಭಾ ಎದ್ದು ನಿಂತಳು. "ದಾನಕ್ಕ, ಒಂದ ಮಾತ..."

"ಆಮ್ಯಾಲ ತಂಗಿ." ದಾನಕ್ಕ ಆಗಲೇ ಹಾಡಿನ ಜತೆ ಅಡುಗೆಮನೆಗೆ ನಡೆದು, ಸಾರಿನ ಬಟ್ಟಲು ತುಂಬಿ, ಪ್ಯಾಸೇಜಿನ ಬಾಯಿಗೆ ಬಂದು ನಿಂತಿದ್ದಳು. "ಬಂದ್ ಮಾಡ್ರಿ!"

ಸರ್ ಗುಂಡಿ ಒತ್ತಿದರು. ಹಾಡು ನಿಂತಿತು. ವಿಭಾ ಓಡಿ ಹೋಗಿ ದಾನಕ್ಕನ ತೋಳಿಗೆ ತಾಗುವಷ್ಟು ಹತ್ತಿರ ನಿಂತಳು, ಬಿದ್ದರೆ ಹಿಡಿಯಲು. ಅಲ್ಲಿಂದ ಒಲೆಯ ಮುಂದಿನ ಇಬ್ಬರೂ ಕಾಣುತ್ತಿದ್ದರು. ಹಲಗೆಯ ಮೇಲೆ ಹಿಟ್ಟಿತ್ತು. ಬಡಿದರೆ ದಾನಕ್ಕ ನಡೆಯುತ್ತಾಳೆ, ಪೆಟ್ಟಿಗೆ ಹೋಗುತ್ತದೆ. ಬಡಿಯದಿದ್ದರೆ ಪೆಟ್ಟಿಗೆ ಉಳಿಯುತ್ತದೆ, ಅವಳ ಒಂಬತ್ತು ಹೆಜ್ಜೆ ಹೋಗುತ್ತವೆ. ಮಾಬೂಬಿಯ ಕೈ ಎದ್ದಿತು. ಕಸ್ತೂರವ್ವ ಅದನ್ನು ಹಿಡಿದು ಮೆಲ್ಲಗೆ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಮನೆ ನಿಶ್ಶಬ್ದವಾಯಿತು. ಕೊಡಗಳಲ್ಲಿ ನೀರು ಕನ್ನಡಿಯಂತೆ ನಿಂತಿತ್ತು. ದಾನಕ್ಕನ ಮೈ ಮುಂದಕ್ಕೆ ತೂಗಿತು, ಹಿಂದಕ್ಕೆ ತೂಗಿತು. ಪಾದ ಏಳಲಿಲ್ಲ. ಅವಳು ತನ್ನ ಕಾಲನ್ನು ನೋಡಿದಳು. ಇನ್ನೊಮ್ಮೆ ಯತ್ನಿಸಿದಳು. ಬಟ್ಟಲಿನಲ್ಲಿ ಸಾರು ನಡುಗಿತು. ಆಮೇಲೆ ಅವಳು ಕಿವಿಗೊಟ್ಟು ಏನನ್ನೋ ಹುಡುಕಿದಳು. ಊಟದ ಹೊತ್ತಿನಲ್ಲಿ ಆ ಮನೆಯಲ್ಲಿ ಎಂದೂ ನಿಲ್ಲದ, ಈಗ ಮಾತ್ರ ಇಲ್ಲದ ಸಪ್ಪಳವೊಂದನ್ನು.

ಕತ್ತು ತಿರುಗಿಸಲೂ ಆಗದೆ, ಎದುರಿನ ಗೋಡೆಗೇ ಕೇಳಿದಳು. "ಎಷ್ಟ ದಿನದಿಂದ?"

ಒಲೆಯ ಮುಂದೆ ಕಸ್ತೂರವ್ವ ಕೈಯ ಹಿಟ್ಟು ಒರೆಸಿಕೊಂಡಳು.

"ಕಸ್ತೂರಿ, ನಿನಗ ಕೇಳಾಕತ್ತೀನಿ."

"ಎರಡ ತಿಂಗಳಾತಕ್ಕ." ಕಸ್ತೂರವ್ವ ಒಲೆಯ ಕಡೆ ನೋಡುತ್ತ ಹೇಳಿದಳು. "ನಾವೇನ ಮಾಡಿಲ್ಲ, ರೊಟ್ಟಿ ಬಡದೇವಷ್ಟ."

ದಾನಕ್ಕನ ಕಣ್ಣಿಂದ ಒಂದು ಹನಿ ಜಾರಿ ಗಲ್ಲದವರೆಗೆ ಬಂತು. ಒರೆಸಲು ಕೈ ಬಿಡುವಿರಲಿಲ್ಲ. ವಿಭಾ ತನ್ನ ದುಪಟ್ಟಾದ ತುದಿಯಿಂದ ಒರೆಸಿದಳು. ಪಡಸಾಲೆಯಲ್ಲಿ ಹೊಸಮನಿ ಸರ್ ಏನೋ ಬರೆದು, ಪೆನ್ನು ಮುಚ್ಚಿ, "ಪೆಟ್ಟಿಗಿ ಇಲ್ಲೇ ಇರ್ಲಿ" ಎಂದು ಮೆಲ್ಲಗೆ ಹೇಳಿ ಗುಂಡಿಯ ಕಡೆ ಬೆರಳು ಚಾಚಿದರು.

"ಒಂದ ನಿಮಿಷ ತಡೀರಿ ಸಾಹೇಬ್ರ. ಈಗ ಹಚ್ಚಬ್ಯಾಡ್ರಿ." ದಾನಕ್ಕ ಉಸಿರು ಎಳೆದುಕೊಂಡಳು. ಎಪ್ಪತ್ತು ಮಂದಿಯ ಗದ್ದಲದ ಮೇಲೆ ಏರುವ ಅವಳ ಎಂದಿನ ದನಿ ಮರಳಿತ್ತು.

"ಯಾಕ ಸುಮ್ನ ಕುಂತೀರಿ ಇಬ್ಬರೂ? ಸಾಹೇಬ್ರ ಸಾರು ಆರಾಕತ್ತೇತಿ. ಬಡೀರಿ."